ಫ್ಯೂಸ್ ಇಲ್ಲದ ಹಿತ್ತಾಳೆ ಟ್ಯೂಬು: ಎಂಟು ತಿಂಗಳ ಬಳಕೆಯ ನಂತರ

ಹೋದ ಭಾನುವಾರ ಅಡುಗೆಮನೆ ಸಿಂಕಿನ ಹತ್ತಿರ ನಿಂತು, ಹುಣಸೆಹಣ್ಣು ಮತ್ತು ಉಪ್ಪು ಹಚ್ಚಿ ಹಿತ್ತಾಳೆ ಟ್ಯೂಬು ತಿಕ್ಕುತ್ತಿದ್ದೆ. ಆಗಲೇ ದಾವಣಗೆರೆಯಿಂದ ಅಪ್ಪನ ವಿಡಿಯೊ ಕಾಲ್ ಬಂತು. ಫೋನನ್ನು ಕಿಟಕಿಗೆ ಒರಗಿಸಿ, ಮಾತಾಡುತ್ತಲೇ ತಿಕ್ಕುವುದನ್ನು ಮುಂದುವರಿಸಿದೆ. ಅಪ್ಪನ ಕಣ್ಣು ಇನ್ನೂ ಚುರುಕಾಗಿದೆ ಅನ್ನುವುದು ಮರೆತೇ ಹೋಗಿತ್ತು.

"ಏನೋ ಅದು?"

"ಟಾರ್ಚ್," ಅಂದೆ.

"ಗಾಜೆಲ್ಲಿ ಐತಿ?"

ನನಗೆ ನಲವತ್ತೆರಡು. ಆದರೂ ಇವತ್ತಿನವರೆಗೆ ಅಪ್ಪನ ಎದುರು ಸಿಗರೇಟಿನ ಸುದ್ದಿ ಎತ್ತಿದವನಲ್ಲ. ಹದಿನಾರು ವರ್ಷ ಸೇದಿದ್ದು, ಬಿಟ್ಟಿದ್ದು, ಬಿಡೋಕೆ ಈ ವೇಪ್ (ಇ-ಸಿಗರೇಟು) ಹಿಡಿದಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ. ಬೈಗುಳಕ್ಕೆ ಕಾಯುತ್ತಿದ್ದೆ. ಅಪ್ಪ ಕೇಳಿದ್ದೇ ಬೇರೆ.

"ಬ್ಯಾಟರಿ ಒಳಗೆ ಹಾಕ್ತಿ. ಕಾಯಿಲ್ ಮೇಲೆ ಐತಿ. ನಡುವೆ ಫ್ಯೂಸ್ ಎಲ್ಲಿ?"

"ಫ್ಯೂಸ್ ಇಲ್ಲಪ್ಪಾ."

"ಫ್ಯೂಸ್ ಇಲ್ದಂಗೆ ಹೆಂಗೋ ಮಾರ್ತಾರೆ?"

ಎಂಟು ತಿಂಗಳಿಂದ ನಾನು ಬರೆಯಬೇಕು ಅಂದುಕೊಂಡಿದ್ದ ವಿಮರ್ಶೆಯನ್ನು ಅಪ್ಪ ಒಂದೇ ಪ್ರಶ್ನೆಯಲ್ಲಿ ಮುಗಿಸಿಬಿಟ್ಟರು. ಆದರೂ ಬರೆಯುತ್ತೇನೆ. ಹೋದ ತಿಂಗಳು ಇಲ್ಲಿ ಇಂಗ್ಲೆಂಡಿನಲ್ಲಿರುವ ಕನ್ನಡ ಗೆಳೆಯರಿಬ್ಬರು "ನಿನ್ನ ಹತ್ತಿರ ಇರೋ ಥರದ್ದೇ ತಗೋಬೇಕು, ಹೇಗಿದೆ?" ಅಂತ ಕೇಳಿದ್ದಾರೆ. ಅವರಿಗೆ "ಚೆನ್ನಾಗಿದೆ" ಅಂದರೂ ತಪ್ಪು, "ಬೇಡ" ಅಂದರೂ ಅರ್ಧ ಸುಳ್ಳು.

ಅಪ್ಪನದು ಪಿ.ಬಿ. ರಸ್ತೆಯ ಪಕ್ಕದ ಸಂದಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಚನ್ನಗಿರಿ ಕಡೆಯ ಅಡಿಕೆ ತೋಟದವರು ಸುಟ್ಟ ಬೋರ್‌ವೆಲ್ ಮೋಟಾರ್‌ಗಳನ್ನು ಟೆಂಪೋದಲ್ಲಿ ತಂದು ಸುರಿಯುತ್ತಿದ್ದರು. ಶಾಲೆ ಮುಗಿಸಿ ಬಂದು ಹಳೇ ತಂತಿ ಬಿಚ್ಚುವುದು ನನ್ನ ಕೆಲಸ. ಸುಟ್ಟ ವಾರ್ನಿಶ್ ವಾಸನೆ ಈಗಲೂ ಮೂಗಿನಲ್ಲಿದೆ. ಈಗ ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಲಿಫ್ಟ್ ರಿಪೇರಿ ಮಾಡುತ್ತೇನೆ. ಅಂದರೆ ಇದೂ ಮೋಟಾರ್, ಬ್ರೇಕು, ಸ್ವಿಚ್ಚುಗಳ ಜೊತೆಗಿನ ಬದುಕೇ. ಇಷ್ಟೆಲ್ಲ ಗೊತ್ತಿದ್ದವನು ಫ್ಯೂಸ್ ಇಲ್ಲದ ಸಾಮಾನು ಯಾಕೆ ಕೊಂಡೆ? ಆಸೆ, ಮತ್ತೇನಿಲ್ಲ.

ಗೊತ್ತಿಲ್ಲದವರಿಗೆ: ಮೆಕ್ಯಾನಿಕಲ್ ಮಾಡ್, ಸೇದುವವರ ಬಾಯಲ್ಲಿ ಬರೀ "ಮೆಕ್", ಅಂದರೆ ಒಂದು ಲೋಹದ ಕೊಳವೆ. ಕೆಳಗೆ ಒಂದು ಗುಂಡಿ. ಒಳಗೆ ಒಂದು ಲಿಥಿಯಂ ಸೆಲ್. ಮೇಲೆ ಆರ್‌ಡಿಎ ಅನ್ನುವ ಸಣ್ಣ ಬಟ್ಟಲು, ಅದರಲ್ಲಿ ನಾವೇ ಸುತ್ತಿದ ತಂತಿಯ ಕಾಯಿಲ್, ಕಾಯಿಲ್ ಒಳಗೆ ಹತ್ತಿ, ಹತ್ತಿಗೆ ನಾಲ್ಕು ಹನಿ ಲಿಕ್ವಿಡ್. ಗುಂಡಿ ಒತ್ತಿದರೆ ಸೆಲ್ಲಿನ ಕರೆಂಟ್ ನೇರ ಕಾಯಿಲ್‌ಗೆ. ನಡುವೆ ಚಿಪ್ ಇಲ್ಲ, ಡಿಸ್‌ಪ್ಲೇ ಇಲ್ಲ, ಏನೂ ಇಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಯಾಕೆಂದರೆ ಒಳ್ಳೆಯದು ನಿಜವಾಗಲೂ ಇದೆ. 24 ಮಿ.ಮೀ. ದಪ್ಪದ ಈ ಟ್ಯೂಬಿಗೆ 55 ಪೌಂಡ್ ಕೊಟ್ಟೆ. ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಹೇಳುವ ಮಾತು ಈ ಒಂದು ಟ್ಯೂಬಿಗಲ್ಲ, ಇಡೀ ಜಾತಿಗೆ ಸೇರಿದ್ದು. ಲೇತ್ ಕೆಲಸ ನೋಡಿದರೆ ಕಣ್ಣಿಗೆ ಹಬ್ಬ. ಮರೆ (ತಿರುಗಿಸಿ ಕೂರಿಸುವ ಸ್ಕ್ರೂ ಥ್ರೆಡ್) ಬೆಣ್ಣೆಯಂತೆ ತಿರುಗುತ್ತದೆ, ಎಲ್ಲೂ ಕಚ್ಚುವುದಿಲ್ಲ. ಗುಂಡಿಯ ಹಿಂದೆ ಸ್ಪ್ರಿಂಗ್ ಇದೆ, ಒತ್ತಿದರೆ ಹದವಾಗಿ ಒಳಗೆ ಹೋಗುತ್ತದೆ. ಸುತ್ತಲೂ ಲಾಕ್ ರಿಂಗ್. ಕೈಯಲ್ಲಿ ಹಿಡಿದರೆ ಒಂದು ತೂಕ, ದೇವರ ಮನೆಯ ಗಂಟೆ ಹಿಡಿದಂತೆ. ಎರಡು ವಾರಕ್ಕೆ ಕಪ್ಪಾಗುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಮತ್ತೆ ಬಂಗಾರ. ಹುಣಸೆಹಣ್ಣು ಬೆಲ್‌ಗ್ರೇವ್ ರಸ್ತೆಯ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಇಲ್ಲಿಯವರು ಇದಕ್ಕೆಂದೇ ಡಬ್ಬಿಯಲ್ಲಿ ಬರುವ ಪಾಲಿಶ್ ಕೊಳ್ಳುತ್ತಾರೆ, ಸುಮ್ನೆ ಖರ್ಚು. ತಿಕ್ಕಿದ ಮೇಲೆ ಚೆನ್ನಾಗಿ ತೊಳೆದು, ಒಣಗಿಸಿ, ಮರೆಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬೇಕು. ಹುಳಿ ಉಳಿದರೆ ಹಿತ್ತಾಳೆ ಹಸಿರಾಗುತ್ತದೆ, ಕೊಳೆ ಉಳಿದರೆ ಕರೆಂಟಿಗೆ ಅಡ್ಡಿಯಾಗಿ ಮರೆಯೇ ಬಿಸಿಯಾಗುತ್ತದೆ.

ಸೇದುವ ಅನುಭವ? ಒತ್ತಿದ ಕ್ಷಣಕ್ಕೆ ಆವಿ. ಚಿಪ್ ಇರುವ ಯಂತ್ರದಲ್ಲಿ ಒಂದು ಗಳಿಗೆ ತಡೆ ಇರುತ್ತದೆ, ಇಲ್ಲಿ ಅದಿಲ್ಲ. ಸೆಲ್ ತುಂಬಿದಾಗ ಖಾರ, ಖಾಲಿಯಾಗುತ್ತಾ ಬಂದಂತೆ ಮೆತ್ತಗೆ. ಸೆಲ್ ಎಷ್ಟು ಉಳಿದಿದೆ ಅಂತ ನಾಲಿಗೆಗೇ ಗೊತ್ತಾಗುತ್ತದೆ. ಅದರಲ್ಲೊಂದು ಖುಷಿ ಇದೆ, ಇಲ್ಲ ಅನ್ನುವುದಿಲ್ಲ.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ಕರ್ನಾಟಕದಲ್ಲಿ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿದರು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ತಯಾರಿಕೆ, ಮಾರಾಟ, ಆಮದು ಎಲ್ಲ ನಿಷಿದ್ಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಬಿಡಿಭಾಗ ತಂದರೂ ಅದೇ ಲೆಕ್ಕ. ದೊಡ್ಡಪ್ಪನ ಮಗ ಪ್ರತಿ ಸಲ "ಅಣ್ಣಾ, ಒಂದು ತಗೊಂಡ್ ಬಾ" ಅನ್ನುತ್ತಾನೆ. ನಾನು ಊರಿಗೆ ಹೊರಟಾಗ ಟ್ಯೂಬು ಇಲ್ಲೇ ಕಪಾಟಿನಲ್ಲಿ ಮಲಗುತ್ತದೆ. ಸಿಗರೇಟು ಸೇದದವರು ಇದರ ಕಡೆ ತಿರುಗಿಯೂ ನೋಡಬೇಡಿ. ಅಂಥವರಿಗೆ ಇದರಲ್ಲಿ ಲಾಭವೇ ಇಲ್ಲ.

ಇನ್ನು ಅಪ್ಪನ ಪ್ರಶ್ನೆಗೆ ಬರುತ್ತೇನೆ.

ಚಿಪ್ ಇರುವ ವೇಪ್ ಯಂತ್ರ ಗುಂಡಿ ಒತ್ತಿದಾಗಲೆಲ್ಲ ಮೊದಲು ಕಾಯಿಲ್‌ನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಅದರ ಅಳತೆ ಓಮ್) ಅಳೆಯುತ್ತದೆ. ತೀರಾ ಕಡಿಮೆ ಇದ್ದರೆ ಕೆಲಸವನ್ನೇ ಮಾಡುವುದಿಲ್ಲ. ಶಾರ್ಟ್ ಆದರೆ ನಿಲ್ಲುತ್ತದೆ. ಸೆಲ್ ಇಳಿದರೆ ನಿಲ್ಲುತ್ತದೆ. ಜೇಬಿನಲ್ಲಿ ಗುಂಡಿ ಒತ್ತಿಕೊಂಡೇ ಇದ್ದರೆ ಕೆಲವು ಸೆಕೆಂಡಿಗೆ ತಾನೇ ಆರುತ್ತದೆ. ಹಿತ್ತಾಳೆ ಟ್ಯೂಬು ಇದ್ಯಾವುದನ್ನೂ ಮಾಡುವುದಿಲ್ಲ. ಇಂಗ್ಲೆಂಡಿನ ಕಾನೂನು ನಿಕೋಟಿನ್ ಇರುವ ಲಿಕ್ವಿಡ್ ಬಾಟಲಿ 10 ಮಿ.ಲೀ. ಮೀರಬಾರದು, ಲಿಕ್ವಿಡ್ ತುಂಬುವ ಟ್ಯಾಂಕು 2 ಮಿ.ಲೀ. ಮೀರಬಾರದು, ನಿಕೋಟಿನ್ ಮಿ.ಲೀ.ಗೆ 20 ಮಿ.ಗ್ರಾಂ ಮೀರಬಾರದು ಅಂತೆಲ್ಲ ಹೇಳುತ್ತದೆ. ನನ್ನ ಟ್ಯೂಬಿನ ಡಬ್ಬಿಯ ಮೇಲೆ, ಒಳಗಿನ ಚೀಟಿಯ ಮೇಲೆ, ಎಷ್ಟು ಆಂಪ್ ಕರೆಂಟ್ ಎಳೆಯಬಹುದು ಅಂತ ಒಂದಕ್ಷರ ಇರಲಿಲ್ಲ. ಅಳೆಯುವ ಕೆಲಸವೆಲ್ಲ ನಮ್ಮ ತಲೆಗೆ ಬಿಟ್ಟಿದ್ದಾರೆ.

ಆ ಲೆಕ್ಕ ಕಷ್ಟವೇನಲ್ಲ. ನಮ್ಮೂರಿನ ಹೀಟರ್ ಕಾಯಿಲ್ ಒಲೆ ನೆನಪಿದೆಯಾ? ಮಣ್ಣಿನ ತಟ್ಟೆಯ ತೋಡಿನಲ್ಲಿ ಸುರುಳಿ ತಂತಿ ಕೂತಿರುತ್ತಿತ್ತಲ್ಲ, ಅದು. ಹಾಲು ಉಕ್ಕಿ ಚೆಲ್ಲಿದರೆ ತಂತಿ ತುಂಡಾಗುತ್ತಿತ್ತು. ಹೊಸ ಕಾಯಿಲ್ ತರುವ ಬದಲು ಅಮ್ಮಂದಿರು ತುಂಡಾದ ಎರಡು ತುದಿ ಹೊಸೆದು ಸೇರಿಸಿಬಿಡುತ್ತಿದ್ದರು. ಒಲೆ ಮೊದಲಿಗಿಂತ ಕೆಂಪಗೆ ಉರಿಯುತ್ತಿತ್ತು. ಎರಡು ಮೂರು ಸಲ ಹಾಗೆ ಮಾಡಿದರೆ ಬೋರ್ಡಿನ ಪ್ಲಗ್ಗು ಕರಗುತ್ತಿತ್ತು. ತಂತಿ ಗಿಡ್ಡ ಆದಷ್ಟೂ ರೆಸಿಸ್ಟೆನ್ಸ್ ಕಡಿಮೆ, ಅದು ಕಡಿಮೆ ಆದಷ್ಟೂ ಕರೆಂಟ್ ಜಾಸ್ತಿ. ಮೆಕ್ಕಿನ ವಿದ್ಯೆ ಇಷ್ಟೇ. ಪ್ಲಗ್ಗಿನ ಜಾಗದಲ್ಲಿ ಇಲ್ಲಿ ಸೆಲ್ ಇದೆ, ಮತ್ತು ಅದು ಬಾಯಿಯ ಹತ್ತಿರ ಇದೆ.

ತುಂಬಿದ ಸೆಲ್ 4.2 ವೋಲ್ಟ್. ಅದನ್ನು ಕಾಯಿಲ್‌ನ ಓಮ್‌ನಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 0.6 ಓಮ್ ಇದ್ದರೆ 7 ಆಂಪ್. 0.3 ಆದರೆ 14. 0.2 ಆದರೆ 21. 0.1 ಅಂದರೆ 42 ಆಂಪ್, ಅಷ್ಟನ್ನು ನೆಮ್ಮದಿಯಾಗಿ ಕೊಡುವ 18650 ಅಳತೆಯ ಸೆಲ್ ನಾನಂತೂ ಕಂಡಿಲ್ಲ. ಸೆಲ್ಲಿನ ಸರಾಸರಿ ವೋಲ್ಟೇಜ್ ಆದ 3.7 ಹಾಕಿ ಲೆಕ್ಕ ಮಾಡುವವರಿದ್ದಾರೆ, ಅಂಕಿ ಚಿಕ್ಕದಾಗಿ ಕಾಣಲಿ ಅಂತ. ಚಾರ್ಜರ್‌ನಿಂದ ತೆಗೆದ ಮೊದಲ ದಮ್ಮಿಗೆ 4.2 ಇರುತ್ತದೆ, ಲೆಕ್ಕ ಅದರದೇ.

ನಾನು ಸುತ್ತುವುದು ಕ್ಯಾಂಥಲ್ (ಹೀಟರಿಗೆ ಬಳಸುವ ಮಿಶ್ರಲೋಹ) ತಂತಿ, 24 ಗೇಜ್, 3 ಮಿ.ಮೀ. ಕಡ್ಡಿಯ ಮೇಲೆ ಏಳು ಸುತ್ತು. ಸ್ಕ್ರೂಗೆ ಸಿಕ್ಕಿಸುವ ಎರಡು ತುದಿ, ಅಂದರೆ ಕಾಲುಗಳೂ ಸೇರಿ ಒಂದು ಕಾಯಿಲ್ 0.6 ಓಮ್ ಆಸುಪಾಸು ಬರುತ್ತದೆ. (ಗೇಜ್ ಅಂದರೆ ತಂತಿಯ ದಪ್ಪ. ಇಲ್ಲಿ ಅದು ಅಮೆರಿಕದ ಲೆಕ್ಕ, 0.51 ಮಿ.ಮೀ. ಅಪ್ಪನ ಅಂಗಡಿಯ 24 ಗೇಜ್ ಬೇರೆ, ಅದು ಬ್ರಿಟಿಷ್ ಎಸ್‌ಡಬ್ಲ್ಯೂಜಿ, 0.56 ಮಿ.ಮೀ. ಬ್ರಿಟಿಷರ ಗೇಜ್ ದಾವಣಗೆರೆಯಲ್ಲಿ ಉಳಿದಿದೆ, ಬ್ರಿಟನ್ನಿನ ವೇಪ್ ಅಂಗಡಿಯಲ್ಲಿ ಅಮೆರಿಕದ ಗೇಜ್ ಓಡುತ್ತಿದೆ!)

ಹೊಸಬರು ಎಡವುವುದು ಎರಡನೇ ಕಾಯಿಲ್ ಹಾಕುವಾಗ. ಒಂದಕ್ಕೆ 0.6 ಇದ್ದರೆ ಎರಡಕ್ಕೆ 1.2 ಅಂದುಕೊಳ್ಳುತ್ತಾರೆ. ಅಲ್ಲ, 0.3. ಆರ್‌ಡಿಎಯಲ್ಲಿ ಎರಡು ಕಾಯಿಲ್ ಅಕ್ಕಪಕ್ಕ ಕೂರುತ್ತವೆ, ಕರೆಂಟಿಗೆ ಎರಡು ದಾರಿ ಸಿಕ್ಕಂತೆ. ಒಂದು ಗೇಟಿನ ಪಕ್ಕ ಇನ್ನೊಂದು ಗೇಟು ತೆರೆದರೆ ನುಗ್ಗುವ ಜನ ಜಾಸ್ತಿಯೋ ಕಡಿಮೆಯೋ? ನನ್ನ ಗೆಳೆಯನೊಬ್ಬ, ಕಂಪ್ಯೂಟರ್ ಕೆಲಸದವನು, ಇದನ್ನು ಕೇಳಿ ಬಹಳ ಹೊತ್ತು ಒಪ್ಪಲಿಲ್ಲ. ಮೀಟರ್ ತೋರಿಸಿದ ಮೇಲೆ ಸುಮ್ಮನಾದ.

ಎರಡನೇ ತಿಂಗಳಲ್ಲಿ ಮೀಟರು ನನ್ನನ್ನೂ ಸುಮ್ಮನಾಗಿಸಿತು. ಡ್ರಾಯರಿನಲ್ಲಿ ಚೀಟಿ ಕಿತ್ತುಹೋದ ಒಂದು ತಂತಿ ಸುರುಳಿ ಇತ್ತು. ಕಣ್ಣಿಗೆ ಅದೇ ದಪ್ಪ, ಅದೇ ಬಣ್ಣ. ಕ್ಯಾಂಥಲ್ ಅಂದುಕೊಂಡು ಎಂದಿನಂತೆ ಏಳು ಸುತ್ತಿನ ಎರಡು ಕಾಯಿಲ್ ಹಾಕಿದೆ. 0.3 ಬರಬೇಕು. ಮೀಟರಿನಲ್ಲಿ 0.22. ಸ್ಕ್ರೂ ಬಿಗಿ ಮಾಡಿ ಮತ್ತೆ ಇಟ್ಟೆ, ಅದೇ 0.22. ಅದು ನೈಕ್ರೋಮ್ 80 ಅನ್ನುವ ಬೇರೆ ಮಿಶ್ರಲೋಹದ ತಂತಿ. ಅಷ್ಟೇ ದಪ್ಪ, ಅಷ್ಟೇ ಉದ್ದಕ್ಕೆ ಕ್ಯಾಂಥಲ್‌ಗಿಂತ ರೆಸಿಸ್ಟೆನ್ಸ್ ನಾಲ್ಕರಲ್ಲೊಂದು ಪಾಲು ಕಡಿಮೆ. 14 ಆಂಪ್ ಅಂದುಕೊಂಡಿದ್ದು 19 ಆಂಪ್ ಆಗಿತ್ತು. ಆ ದಿನ ಟ್ಯೂಬಿನಲ್ಲಿ ಹಾಕಬೇಕು ಅಂತ ಇಟ್ಟಿದ್ದು 15 ಆಂಪಿನ ಸೆಲ್. ಒಂದು ಚೀಟಿ ಕಿತ್ತುಹೋಗಿದ್ದಕ್ಕೆ ಇಷ್ಟು ವ್ಯತ್ಯಾಸ.

ಹಾಗಾಗಿ ನನ್ನ ಮಟ್ಟಿಗೆ ಈ ಇಡೀ ಸೆಟ್‌ನಲ್ಲಿ ಬೆಲೆ ಬಾಳುವ ವಸ್ತು ಟ್ಯೂಬಲ್ಲ, ಆ 15 ಪೌಂಡಿನ ಓಮ್ ಮೀಟರು. ಅಂಗೈಯಗಲದ ಡಬ್ಬಿ, ಮೇಲೆ 510 ಅನ್ನುವ, ವೇಪ್‌ಗಳಲ್ಲಿ ಸಾಮಾನ್ಯವಾದ ಅಳತೆಯ ಮರೆಯ ಒಂದು ತೂತು. ಆರ್‌ಡಿಎ ತಂದು ತಿರುಗಿಸಿದರೆ ಎರಡು ದಶಮಾಂಶದವರೆಗೆ ಓಮ್ ತೋರಿಸುತ್ತದೆ. ಮನೆಯಲ್ಲಿ ಮಲ್ಟಿಮೀಟರ್ ಇದೆಯಲ್ಲ, ಸಾಕು ಅನ್ನಬೇಡಿ. ನಾನೂ ಹಾಗೆ ಅಂದುಕೊಂಡೇ ಶುರು ಮಾಡಿದ್ದು. ಸಾಮಾನ್ಯ ಮಲ್ಟಿಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದರೇ 0.2, 0.3 ತೋರಿಸುತ್ತದೆ. ಅದು ಅದರ ವೈರಿನದೇ ರೆಸಿಸ್ಟೆನ್ಸ್. 0.3 ಓಮಿನ ಕಾಯಿಲ್ ಅಳೆಯೋಕೆ ಅದನ್ನು ಹಿಡಿಯುವುದು, ಅಕ್ಕಸಾಲಿಗ ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುಬೊಟ್ಟು ತೂಗಿದ ಹಾಗೆ.

ಸೆಲ್ಲಿನ ವಿಷಯಕ್ಕೆ ಬಂದರೆ ನನ್ನ ದೂರಿನ ಪಟ್ಟಿ ಉದ್ದವಿದೆ. 18650 ಅನ್ನುವುದು ಬ್ರ್ಯಾಂಡ್ ಅಲ್ಲ, ಅಳತೆ. 18 ಮಿ.ಮೀ. ಅಡ್ಡ, 65 ಮಿ.ಮೀ. ಉದ್ದ, ಕೊನೆಯ ಸೊನ್ನೆ ಅಂದರೆ ಉರುಟು. ಅದೇ ಅಳತೆಯಲ್ಲಿ 7 ಆಂಪಿನದೂ ಇದೆ, 25 ಆಂಪಿನದೂ ಇದೆ, ನೋಡಿದರೆ ಅವಳಿಜವಳಿ. ಮೊದಲ ತಿಂಗಳು ನಮ್ಮ ಕಡೆಯ ಒಂದು ಅಂಗಡಿಯವನು "ಇದು 40 ಆಂಪ್, ಬಾಸ್, ಬೆಸ್ಟ್" ಅಂತ ನೇರಳೆ ಬಣ್ಣದ ಒಂದು ಸೆಲ್ ಕೊಟ್ಟ. ಮೇಲೆ ಬೆಂಕಿಯ ಚಿತ್ರ, 40ಎ ಅಂತ ದೊಡ್ಡಕ್ಷರ. 0.3 ಓಮಿನಲ್ಲಿ ನಾಲ್ಕು ದಮ್ಮಿಗೇ ಟ್ಯೂಬು ಬಿಸಿ. ಬೇರೆಯವರ ಸೆಲ್ ತಂದು ತಮ್ಮ ಬಣ್ಣದ ಸಿಪ್ಪೆ ಹಾಕಿ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲು ಅಂತ ಆಮೇಲೆ ಗೊತ್ತಾಯಿತು. ಸಿಪ್ಪೆ ಅವರದು, ಅಂಕಿ ಅವರ ಬಾಯಿಗೆ ಬಂದಿದ್ದು. ಇನ್ನು 9800 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಬರೆದ ಸೆಲ್‌ಗಳನ್ನು ಟಾರ್ಚಿನ ಜೊತೆ ಮಾರುತ್ತಾರಲ್ಲ, ಅವನ್ನು ಕೈಯಲ್ಲೂ ಮುಟ್ಟಬೇಡಿ. ಒಳ್ಳೆ ಕಂಪನಿಗಳೇ ಈ ಅಳತೆಯಲ್ಲಿ 3500ರ ಸುತ್ತಮುತ್ತ ಏದುಸಿರು ಬಿಡುತ್ತವೆ.

ಈಗ ನಾನು ಬಳಸುವುದು ತೈವಾನಿನ ಮೋಲಿಸೆಲ್ ಪಿ28ಎ. 2800 ಎಂಎಎಚ್. ಕಂಪನಿ 35 ಆಂಪ್ ಅನ್ನುತ್ತದೆ. ಅಮೆರಿಕದಲ್ಲಿ ಮೂಚ್ ಅನ್ನುವ ಹೆಸರಿನಲ್ಲಿ ಬಹಳ ವರ್ಷದಿಂದ ಸೆಲ್‌ಗಳನ್ನು ತಾನೇ ಸುಟ್ಟು ಪರೀಕ್ಷೆ ಮಾಡುವ ಒಬ್ಬರಿದ್ದಾರೆ, ಅವರು ಇದಕ್ಕೆ ಕೊಟ್ಟಿದ್ದು 25. ನಾನು 25ನ್ನೇ ನಂಬುತ್ತೇನೆ, 15 ದಾಟುವುದಿಲ್ಲ. ಸ್ಯಾಮ್‌ಸಂಗ್ 25ಆರ್ ಕೂಡ ಗಟ್ಟಿ ಸೆಲ್, 2500 ಎಂಎಎಚ್, 20 ಆಂಪ್. ಸೋನಿ ವಿಟಿಸಿ6, ಈಗ ಮುರಾಟಾ ಹೆಸರಿನಲ್ಲಿ ಬರುತ್ತದೆ, 3000 ಎಂಎಎಚ್ ಇದೆ ಅಂತ ಜನ ಅದರ ಹಿಂದೆ ಬೀಳುತ್ತಾರೆ. ಆದರೆ ನಿರಂತರ ಎಳೆತಕ್ಕೆ ಅದು 15 ಆಂಪಿನದು. 30 ಅಂತ ಬರೆದಿದ್ದರೆ, ಸೆಲ್ 80 ಡಿಗ್ರಿ ಮುಟ್ಟಿದ ಕೂಡಲೇ ನಿಲ್ಲಿಸುವ ಸರ್ಕ್ಯೂಟ್ ಇದ್ದರೆ ಮಾತ್ರ ಅನ್ನುವ ಷರತ್ತು ಅದಕ್ಕಿದೆ. ಹಿತ್ತಾಳೆ ಟ್ಯೂಬಿನಲ್ಲಿ ಯಾರು ನಿಲ್ಲಿಸುತ್ತಾರೆ? ಎಂಎಎಚ್ ಜಾಸ್ತಿ ಬೇಕಂದರೆ ಆಂಪ್ ಕಡಿಮೆ, ಆಂಪ್ ಜಾಸ್ತಿ ಬೇಕಂದರೆ ಎಂಎಎಚ್ ಕಡಿಮೆ. ಹಾಲೂ ಜಾಸ್ತಿ ಕೊಡಬೇಕು, ಗಾಡಿಯನ್ನೂ ಎಳೆಯಬೇಕು ಅಂದರೆ ಒಂದೇ ಎಮ್ಮೆ ಎಲ್ಲಿ ಸಿಗುತ್ತದೆ?

ಇನ್ನೊಂದು ವಿಷಯ ಅಂಗಡಿಯವರು ಹೇಳುವುದೇ ಇಲ್ಲ. ಈ ಸೆಲ್ ಮಾಡುವ ಸ್ಯಾಮ್‌ಸಂಗ್, ಎಲ್‌ಜಿಯಂಥ ಕಂಪನಿಗಳೇ ಬಿಡಿ ಸೆಲ್ಲನ್ನು ವೇಪ್‌ನಲ್ಲಿ ಬಳಸಬೇಡಿ ಅಂತ ಹೇಳಿವೆ. ಅವು ಮಾಡುವುದು ಡ್ರಿಲ್ ಮಷೀನು, ಲ್ಯಾಪ್‌ಟಾಪ್ ಪ್ಯಾಕಿನ ಒಳಗೆ, ಸರ್ಕ್ಯೂಟಿನ ಜೊತೆ ಕೂರಲಿ ಅಂತ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವೂ 2021ರ ಜನವರಿಯಲ್ಲಿ ಬಿಡಿ 18650 ಸೆಲ್ ಕೊಳ್ಳಬೇಡಿ ಅಂತ ಎಚ್ಚರಿಕೆ ಕೊಟ್ಟಿತ್ತು. ಅಂದರೆ ನಾವು ಮೆಕ್ ಸೇದುವವರು ತಯಾರಿಸಿದವರ ಮಾತು ಮೀರಿಯೇ ಸೇದುತ್ತಿದ್ದೇವೆ. ಅದು ಗೊತ್ತಿದ್ದು ಮಾಡಬೇಕು.

ಸೆಲ್ಲಿನ ಸಿಪ್ಪೆಯ ಬಗ್ಗೆ ಸ್ವಲ್ಪ ತಡೆದು ಹೇಳಬೇಕು. ಸೆಲ್ಲಿನ ಮೇಲ್ತುದಿಯ ಗುಬ್ಬಿ (ಸಣ್ಣ ಉಬ್ಬು) ಮಾತ್ರ ಪಾಸಿಟಿವ್. ಉಳಿದ ಇಡೀ ಮೈ, ಮೇಲಿನ ಅಂಚಿನವರೆಗೂ, ನೆಗೆಟಿವ್. ನಡುವೆ ಇರುವುದು ಕಾಗದದಷ್ಟು ತೆಳ್ಳಗಿನ ಪ್ಲಾಸ್ಟಿಕ್ ಸಿಪ್ಪೆ ಮತ್ತು ಒಂದು ಬಿಳಿ ರಿಂಗು. ಮೈ ಮೇಲಿನ ಸಿಪ್ಪೆ ಹರಿದು ಸೆಲ್ ಟ್ಯೂಬಿಗೆ ತಗುಲಿದರೆ ಗುಂಡಿ ಒತ್ತದೆಯೇ ಕಾಯಿಲ್ ಉರಿಯಲು ಶುರು. ಜೇಬಿನಲ್ಲಿ ಇದ್ದರೂ ಅಷ್ಟೇ. ಲಾಕ್ ರಿಂಗ್ ಹಾಕಿದ್ದರೂ ಪ್ರಯೋಜನವಿಲ್ಲ, ಕರೆಂಟ್ ಗುಂಡಿಯ ದಾರಿಯಲ್ಲೇ ಹೋಗುತ್ತಿಲ್ಲವಲ್ಲ. ಹೊಸ ಸಿಪ್ಪೆ ಹತ್ತಿಪ್ಪತ್ತು ಪೆನ್ಸಿಗೆ ಒಂದು ಸಿಗುತ್ತದೆ, ಹೇರ್ ಡ್ರೈಯರ್ ಬಿಸಿಗೆ ಕುಗ್ಗಿ ಕೂರುತ್ತದೆ. ಅಪ್ಪನ ಅಂಗಡಿಯಲ್ಲಿ ವೈರಿನ ಜಾಯಿಂಟಿಗೆ ಹಾಕುವ ಸ್ಲೀವ್ ಇದ್ದ ಹಾಗೆ. ಬಿಡಿ ಸೆಲ್ಲನ್ನು ಕೀ ಗೊಂಚಲು, ಚಿಲ್ಲರೆ ಇರುವ ಜೇಬಿಗೆ ಹಾಕಬಾರದು. ಒಂದು ಪೌಂಡಿನ ಪ್ಲಾಸ್ಟಿಕ್ ಡಬ್ಬಿ ಸಾಕು.

ನನ್ನ ಟ್ಯೂಬಿನ ದೊಡ್ಡ ದೋಷ ಅದರ ಮೇಲ್ಭಾಗ. ಇದಕ್ಕೆ ಹೈಬ್ರಿಡ್ ಟಾಪ್ ಅನ್ನುತ್ತಾರೆ. ಆರ್‌ಡಿಎಯ ತಳದ ಪಿನ್ನು ನೇರ ಸೆಲ್ಲಿನ ಗುಬ್ಬಿಗೆ ತಾಗುತ್ತದೆ. ನಡುವೆ ತುಂಡು ಕಡಿಮೆ, ವೋಲ್ಟೇಜ್ ನಷ್ಟ ಕಡಿಮೆ, ಅದಕ್ಕೇ ಹೊಡೆತ ಜೋರು. ಆದರೆ ಆ ಪಿನ್ನು ಸುತ್ತಲಿನ ಮರೆಗಿಂತ ಸ್ಪಷ್ಟವಾಗಿ ಮುಂದೆ ಚಾಚಿರಬೇಕು. ಪಿನ್ನು ಒಳಗೆ ಕೂತಿದ್ದರೆ ಗುಬ್ಬಿಗೆ ಮರೆಯ ಅಂಚೇ ತಾಗುತ್ತದೆ. ಮರೆ ನೆಗೆಟಿವ್. ಆಗ ಗುಂಡಿ ಒತ್ತಿದರೆ ಕಾಯಿಲ್ ಅನ್ನುವುದೇ ಲೆಕ್ಕಕ್ಕಿಲ್ಲ, ಸೆಲ್ಲಿನ ಎರಡು ತುದಿ ನೇರ ಶಾರ್ಟ್. ಅಂಗಡಿಯಲ್ಲಿ ಸಿಗುವ ಎಷ್ಟೋ ರೆಡಿ ಟ್ಯಾಂಕುಗಳ ಪಿನ್ನು ಒಳಗೇ ಇರುತ್ತದೆ, ಅವು ಇದರ ಮೇಲೆ ಕೂರಲೇಬಾರದು. ಮರೆ ಮಾತ್ರ ಎರಡಕ್ಕೂ ಒಂದೇ, 510. ಹಾಗಾಗಿ ಚೆಂದವಾಗಿ ಕೂತುಬಿಡುತ್ತದೆ! ನನ್ನ ಆರ್‌ಡಿಎಯ ಪಿನ್ನನ್ನು ವರ್ನಿಯರ್ ಹಿಡಿದು ಅಳೆದೆ, ಒಂದು ಮಿ.ಮೀ.ಗಿಂತ ತುಸು ಜಾಸ್ತಿ ಚಾಚಿದೆ. ತಿಂಗಳಿಗೊಮ್ಮೆ ಮತ್ತೆ ನೋಡುತ್ತೇನೆ, ಯಾಕೆಂದರೆ ಅದು ಸ್ಕ್ರೂ, ಸಡಿಲಾಗುತ್ತದೆ.

ಟ್ಯೂಬಿನ ಕೆಳಗೆ ನಾಲ್ಕು ತೂತು ಇವೆ. ಗೆಳೆಯರು ಅಲಂಕಾರ ಅಂದುಕೊಂಡಿದ್ದರು. ಸೆಲ್ ಕೆಟ್ಟು ಒಳಗಿನ ಗಾಳಿ ಉಗುಳಿದರೆ ಹೊರಗೆ ಹೋಗಲು ದಾರಿ ಅದು. ದಾರಿ ಇಲ್ಲದಿದ್ದರೆ ಎರಡು ಕಡೆ ಮುಚ್ಚಿದ ಲೋಹದ ಕೊಳವೆಗೆ ನಮ್ಮಲ್ಲಿ ಬೇರೆ ಹೆಸರಿದೆ, ದೀಪಾವಳಿಗೆ ಹಚ್ಚುತ್ತೇವೆ. 2018ರ ಮೇ ತಿಂಗಳಲ್ಲಿ ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೆಕ್ ಒಂದು ಸಿಡಿದು, ಅದರ ಚೂರು ತಲೆಗೆ ಹೊಕ್ಕು ಒಬ್ಬರು ತೀರಿಕೊಂಡರು. ಮುಂದಿನ ವರ್ಷದ ಜನವರಿಯಲ್ಲಿ ಟೆಕ್ಸಸ್‌ನಲ್ಲಿ ಸಿಡಿದ ವೇಪಿನ ಚೂರು ಕುತ್ತಿಗೆಯ ರಕ್ತನಾಳ ಕೊಯ್ದು ಇನ್ನೊಬ್ಬರು ಹೋದರು. ಕೊಳ್ಳುವಾಗ ಮೊದಲು ತೂತು ನೋಡಿ, ಹೊಳಪು ಆಮೇಲೆ.

ಇಷ್ಟೆಲ್ಲ ತಿಳಿದವನಿಗೆ ಏನಾಯಿತು ಅಂತಲೂ ಹೇಳಬೇಕಲ್ಲ.

ಆರನೇ ತಿಂಗಳು. ರಾತ್ರಿ ಎರಡು ಗಂಟೆಗೆ ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡಿದ್ದಾರೆ ಅಂತ ಕರೆ. ಮುಗಿಸಿ ಮನೆಗೆ ಬಂದಾಗ ಐದೂವರೆ. ಹತ್ತಿ ಸುಟ್ಟ ವಾಸನೆ ಬರುತ್ತಿತ್ತು, ಹೊಸ ಕಾಯಿಲ್ ಹಾಕಿದೆ. ತಿಂಗಳುಗಳಿಂದ ಬೆರಳಿಗೆ ಅಭ್ಯಾಸ, ಕಣ್ಣು ಮುಚ್ಚಿ ಸುತ್ತುತ್ತೇನೆ. ಮೀಟರು ಡ್ರಾಯರಿನಲ್ಲಿತ್ತು. ಡ್ರಾಯರು ಎರಡು ಹೆಜ್ಜೆ ದೂರ. ಹೋಗಲಿಲ್ಲ. ಆರ್‌ಡಿಎಯ ಲೋಹದ ಕ್ಯಾಪ್ ಮುಚ್ಚಿ ಗುಂಡಿ ಒತ್ತಿದೆ. ಆವಿ ಬರಲಿಲ್ಲ. ಹತ್ತಿ ಒಣಗಿರಬೇಕು ಅಂತ ಇನ್ನೊಮ್ಮೆ ಒತ್ತಿ ಹಿಡಿದೆ. ಹೆಬ್ಬೆರಳ ಕೆಳಗಿನ ಗುಂಡಿ ಒಂದೇ ಸಲಕ್ಕೆ ಕಾದ ಹಂಚಿನಂತಾಯಿತು. ಬಿಟ್ಟೆ. ಗುಂಡಿ ಅರ್ಧ ಒಳಗೇ ಉಳಿಯಿತು, ಸ್ಪ್ರಿಂಗ್ ಬಿಸಿಗೆ ಸೋತು ಕುಸಿದಿತ್ತು. ಹೇಗೋ ಟವೆಲ್ ಸುತ್ತಿ ತಳ ಬಿಚ್ಚಿದೆ. ಸೆಲ್ಲನ್ನು ಹಿತ್ತಲಿನ ಕಲ್ಲು ಹಾಸಿನ ಮೇಲೆ ಬಿಟ್ಟು ಬಾಗಿಲು ಹಾಕಿಕೊಂಡು ಕಿಟಕಿಯಿಂದ ನೋಡುತ್ತಾ ನಿಂತೆ. ಏನೂ ಆಗಲಿಲ್ಲ. ನಿಜವಾಗಿ ಮಾಡಬೇಕಿದ್ದದ್ದು ಟ್ಯೂಬು ಸಮೇತ ಹೊರಗೆ ಎಸೆದು ದೂರ ಹೋಗುವುದು. ಟವೆಲ್ ಹಿಡಿದು ಬಿಚ್ಚುತ್ತಾ ನಿಂತಿದ್ದು ಧೈರ್ಯ ಅಲ್ಲ, ಪೆದ್ದುತನ.

ಬೆಳಕು ಹರಿದ ಮೇಲೆ ನೋಡಿದೆ. ಒಂದು ಕಾಯಿಲ್‌ನ ಕಾಲು ಸರಿಯಾಗಿ ಕತ್ತರಿಸಿರಲಿಲ್ಲ. ಎರಡು ಮಿ.ಮೀ. ತಂತಿ ಹೊರಗೆ ಚಾಚಿ ಕ್ಯಾಪಿಗೆ ತಾಗಿತ್ತು. ಮೀಟರಿನ ಮೇಲೆ ಕ್ಯಾಪ್ ಮುಚ್ಚಿ ಇಟ್ಟೆ, ಶಾರ್ಟ್ ಅಂತ ತೋರಿಸಿತು. ಕ್ಯಾಪ್ ತೆಗೆದರೆ ಸರಿಯಾಗಿ 0.31. ಹಾಗಾಗಿ ಅಳೆಯುವುದಾದರೆ ಕ್ಯಾಪ್ ಹಾಕಿಯೂ ಒಮ್ಮೆ ಅಳೆಯಿರಿ. ಆ ಸೆಲ್ ನೋಡಲು ಚೆನ್ನಾಗೇ ಇತ್ತು, 4.0 ವೋಲ್ಟ್ ಕೂಡ ತೋರಿಸುತ್ತಿತ್ತು. ಆದರೂ ಶಾರ್ಟ್ ಆದ ಸೆಲ್ಲನ್ನು ಮತ್ತೆ ನಂಬಲಾಗದು. ತುದಿಗೆ ಟೇಪ್ ಸುತ್ತಿ ಸೂಪರ್ ಮಾರ್ಕೆಟ್ಟಿನ ಬ್ಯಾಟರಿ ಡಬ್ಬಿಗೆ ಹಾಕಿದೆ. ಕಸದ ಬುಟ್ಟಿಗೆ ಹಾಕಬಾರದು, ಕಸದ ಲಾರಿಯಲ್ಲಿ ಒತ್ತಿದಾಗ ಬೆಂಕಿ ಹತ್ತುತ್ತದೆ.

ಕೊಂಡ ವಸ್ತುವಿನಲ್ಲಿ ದೋಷವಿತ್ತೇ? ಇರಲಿಲ್ಲ. ಟ್ಯೂಬು ಹೇಳಿದ ಕೆಲಸ ಮಾಡಿತು: ಒತ್ತಿದರೆ ಕರೆಂಟ್ ಬಿಟ್ಟಿತು. ಈ ವಸ್ತುವಿನಲ್ಲಿ ಫ್ಯೂಸ್ ಎಂದರೆ ಸೇದುವವನೇ. ಬೆಳಿಗ್ಗೆ ಹತ್ತು ಗಂಟೆಗೆ, ಕಾಫಿ ಕುಡಿದು, ಕನ್ನಡಕ ಹಾಕಿಕೊಂಡು ಕೂತರೆ ನಾನು ಒಳ್ಳೆಯ ಫ್ಯೂಸು. ಬೆಳಗಿನ ಜಾವ ಐದೂವರೆಗೆ ಅಲ್ಲ. ಅಂಗಡಿಯಲ್ಲಿ ಅಪ್ಪ ರಾತ್ರಿ ಎಂಟರ ನಂತರ ಯಾವ ಮೋಟಾರಿಗೂ ಕನೆಕ್ಷನ್ ಕೊಡುತ್ತಿರಲಿಲ್ಲ. ರೈತ ಎಷ್ಟು ಗೋಗರೆದರೂ "ನಾಳೆ ಬಾರಪ್ಪ" ಅನ್ನುತ್ತಿದ್ದರು. ಆಗ ಅದು ಸೋಮಾರಿತನ ಅಂದುಕೊಂಡಿದ್ದೆ.

ಈಗ ಕೆಲಸದ ದಿನಗಳಲ್ಲಿ ಚಿಪ್ ಇರುವ ಒಂದು ಸಾಧಾರಣ ಯಂತ್ರ ಬಳಸುತ್ತೇನೆ, ಅದೇ ಪಿ28ಎ ಸೆಲ್, ಒಂದೇ ಕಾಯಿಲ್, 0.6 ಓಮ್. ಹಿತ್ತಾಳೆ ಟ್ಯೂಬಿಗೆ ಹೊಸ ಸ್ಪ್ರಿಂಗ್ ಹಾಕಿಸಿದ್ದೇನೆ, ರಜಾ ದಿನ ಮಧ್ಯಾಹ್ನ ತೆಗೆಯುತ್ತೇನೆ. ಸೆಲ್ 3.5 ವೋಲ್ಟಿಗೆ ಇಳಿದ ಕೂಡಲೇ ಬದಲಿಸುತ್ತೇನೆ, ಸೇದದಾಗ ಸೆಲ್ ಒಳಗೆ ಬಿಡುವುದಿಲ್ಲ. ಕೇಳಿದ ಗೆಳೆಯರಿಬ್ಬರಲ್ಲಿ ಒಬ್ಬನಿಗೆ ಬೇಡ ಅಂದೆ, ಅವನ ಮನೆಯಲ್ಲಿ ಮೂರು ವರ್ಷದ ಮಗು ಇದೆ, ಅವನು ಕಾರಿನ ಎಂಜಿನ್ ಆಯಿಲ್ ಕೂಡ ನೋಡುವವನಲ್ಲ. ಇನ್ನೊಬ್ಬನಿಗೆ ಮೊದಲು ಓಮ್ ಮೀಟರ್ ಕೊಂಡು ಒಂದು ತಿಂಗಳು ಚಿಪ್ ಯಂತ್ರಕ್ಕೇ ಕಾಯಿಲ್ ಸುತ್ತಿ ನೋಡು ಅಂದಿದ್ದೇನೆ. ತಿಂಗಳಾದ ಮೇಲೂ ಬೇಕೆನಿಸಿದರೆ ಕೊಳ್ಳಲಿ. ಐದಕ್ಕೆ ಟ್ಯೂಬಿನ ಕೆಲಸಗಾರಿಕೆಗೆ ನಾಲ್ಕೂವರೆ. ಹೈಬ್ರಿಡ್ ಟಾಪ್‌ಗೆ ಎರಡು. ಡಬ್ಬಿಯೊಳಗಿನ ಮಾಹಿತಿಗೆ ಸೊನ್ನೆ.

ಅಪ್ಪನಿಗೆ ಇದೆಲ್ಲ ಹೇಳಿದೆ, ಐದೂವರೆಯ ಕಥೆ ಬಿಟ್ಟು. ಟ್ಯೂಬಿನಲ್ಲಿ ಅವರಿಗೆ ಆಸಕ್ತಿ ಉಳಿದಿರಲಿಲ್ಲ. ಓಮ್ ಮೀಟರನ್ನು ಕ್ಯಾಮೆರಾ ಹತ್ತಿರ ಹಿಡಿ ಅಂದರು. 0.31 ಅಂತ ಕಾಣಿಸುತ್ತಿತ್ತು.

"ಎಷ್ಟರ ತನಕ ಅಳಿತೈತಿ?"

"ಒಂಬತ್ತು ಓಮ್ ತನಕ."

"ಏಳೂವರೆ ಎಚ್‌ಪಿ ಮೋಟಾರಿನ ಮೂರು ಫೇಸೂ ಸಮ ಐತೋ ಇಲ್ಲೋ ನೋಡಾಕೆ ನನ್ನ ಮೀಟರ್ ಸುಳ್ಳು ಹೇಳ್ತೈತಿ. ಬರುವಾಗ ಇದನ್ನ ತಗೊಂಡ್ ಬಾ."

ಡಿಸೆಂಬರಿಗೆ ಹೊರಡುತ್ತೇನೆ. ಮೀಟರಿನ ತೂತಿಗೆ ಸರಿಯಾಗಿ ಕೂರುವ ಒಂದು 510 ಸ್ಕ್ರೂಗೆ ಎರಡು ದಪ್ಪ ವೈರು ಬೆಸೆದು, ತುದಿಗೆ ಮೊಸಳೆ ಕ್ಲಿಪ್ ಹಾಕುತ್ತಿದ್ದೇನೆ. ವೈರು ಎಷ್ಟು ಗಿಡ್ಡ ಇಟ್ಟರೂ 0.04 ಓಮ್ ಉಳಿಯುತ್ತಿದೆ. ಅದನ್ನು ಡಬ್ಬಿಯ ಹಿಂದೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ, ಅಪ್ಪ ಕಳೆದುಕೊಳ್ಳಲಿ ಅಂತ.